ಸಾಮಾನು ಕಾಯ್ದವರ ಪಾಲು

ಬೈಬಲ್ ತೆಗೀರಿ, ಮೊಬೈಲ್‌ನಲ್ಲಿದ್ದರೂ ಪರವಾಗಿಲ್ಲ. ಒಂದನೇ ಸಮುವೇಲ, 30ನೇ ಅಧ್ಯಾಯ.

ದಾವೀದನೂ ಅವನ 600 ಜನ ಸೈನಿಕರೂ ಚಿಕ್ಲಗಿಗೆ ವಾಪಸ್ ಬರ್ತಾರೆ. ಊರು ಸುಟ್ಟು ಬೂದಿಯಾಗಿದೆ. ಹೆಂಡತಿ ಮಕ್ಕಳನ್ನು ಅಮಾಲೇಕ್ಯರು ಹಿಡಿದುಕೊಂಡು ಹೋಗಿದ್ದಾರೆ. ಆ ಗಂಡಸರು ಏನು ಮಾಡಿದರು ಗೊತ್ತಾ? ಅತ್ತರು. ಅಳೋದಕ್ಕೂ ಶಕ್ತಿ ಉಳಿಯದಷ್ಟು ಅತ್ತರು. ಸಿನಿಮಾದ ಸೈನಿಕ ಹೀಗೆ ಅಳಲ್ಲ, ಬಿಡಿ.

ನಮ್ಮ ಸಭೆಯ ಒಬ್ಬ ಸಹೋದರಿ, ಗಂಡ ಆರ್ಮಿಯಲ್ಲಿದ್ದಾರೆ. ಈಗ ಫೀಲ್ಡ್ ಪೋಸ್ಟಿಂಗ್, ಫ್ಯಾಮಿಲಿ ಕರ್ಕೊಂಡು ಹೋಗೋ ಹಾಗಿಲ್ಲ. ಅವರು ಕೇಳಿದ್ರು: "ಪಾಸ್ಟರ್, ಆಗಸ್ಟ್ 15ಕ್ಕೆ ಎಲ್ಲರೂ ಸ್ಟೇಟಸ್ ಹಾಕ್ತಾರೆ. 16ಕ್ಕೆ ಮಗುಗೆ ಜ್ವರ ಬಂದ್ರೆ ಆಟೋ ಹುಡುಕೋಳು ನಾನೊಬ್ಬಳೇ. ಅವರ ಬಗ್ಗೆ ಹೆಮ್ಮೆ ಇದೆ. ಕೋಪಾನೂ ಇದೆ. ಎರಡೂ ಒಂದೇ ದಿನ ಬರುತ್ತೆ. ಇದು ಪಾಪಾನಾ?"

ಆ ಸಹೋದರನೂ ರಜೆಗೆ ಬಂದಾಗ ಹೇಳಿದ್ರು: "ಮಗಳು ಫೋನಲ್ಲಿ ಪಪ್ಪಾ ಪಪ್ಪಾ ಅಂತಾಳೆ. ಎದುರಿಗೆ ಬಂದ್ರೆ ಅಮ್ಮನ ಹಿಂದೆ ಅಡಗಿಕೊಳ್ತಾಳೆ. ನನ್ನ ಮನೇಲಿ ನಾನೇ ನೆಂಟ." ಅವಳು ಸರಿಯಾಗಿ ಹತ್ತಿರ ಬರೋ ಹೊತ್ತಿಗೆ ರೈಲಿನ ಟಿಕೆಟ್ ತಾರೀಖು ಬಂದಿರುತ್ತೆ.

2016ರ ಫೆಬ್ರವರಿ ನೆನಪಿದೆಯಾ? ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಸಿಯಾಚಿನ್‌ನಲ್ಲಿ, 19,000 ಅಡಿಗೂ ಮೇಲೆ, ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. ದೇಶವೆಲ್ಲಾ ಪ್ರಾರ್ಥಿಸಿತು. 11ನೇ ತಾರೀಖು ತೀರಿಕೊಂಡರು. ಅಲ್ಲಿ ಬಿದ್ದದ್ದು ಶತ್ರುವಿನ ಗುಂಡಲ್ಲ, ಹಿಮ. ಯುದ್ಧ ಇಲ್ಲದ ದಿನವೂ ಸೈನಿಕನ ಹೆಂಡತಿಗೆ ಯಾಕೆ ನಿದ್ದೆ ಬರಲ್ಲ ಅಂತ ಈಗ ಅರ್ಥ ಆಯ್ತಾ?

ಈಗ ವಾಕ್ಯಕ್ಕೆ ಬನ್ನಿ. ಬೆಸೋರ್ ಹಳ್ಳದ ಹತ್ತಿರ 200 ಜನ ಸುಸ್ತಾಗಿ ಸಾಮಾನಿನ ಹತ್ತಿರ ಉಳಿದರು. 400 ಜನ ಗೆದ್ದು ಬಂದಾಗ ಕೆಲವರು, ಇವರಿಗೆ ಕೊಳ್ಳೆಯಲ್ಲಿ ಪಾಲು ಬೇಡ ಅಂದರು. ದಾವೀದ ಒಪ್ಪಲಿಲ್ಲ. ಹೋದವನಿಗೂ ಉಳಿದವನಿಗೂ ಸಮಪಾಲು ಅಂದ; ಅದೇ ಇಸ್ರಾಯೇಲಿನಲ್ಲಿ ನಿಯಮ ಆಯ್ತು. ಹಲ್ಲೆಲೂಯಾ! ಆ 200 ಜನ ಸೈನಿಕರೇ, ಹೆಂಡತಿಯರಲ್ಲ. ವಾಕ್ಯವನ್ನ ನಾನು ತಿರುಚಲ್ಲ. ಆದರೆ ಧರ್ಮೋಪದೇಶಕಾಂಡ 24:5 ಓದಿ. ಹೊಸದಾಗಿ ಮದುವೆಯಾದವನು ಒಂದು ವರ್ಷ ಯುದ್ಧಕ್ಕೆ ಹೋಗಬಾರದು, ಮನೆಯಲ್ಲಿದ್ದು ಹೆಂಡತಿಯನ್ನ ಸಂತೋಷಪಡಿಸಬೇಕು. ಸೈನ್ಯದ ಕಾನೂನಿನಲ್ಲಿ ದೇವರು ಅವಳ ಸಂತೋಷವನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ!

ಆ ಸಹೋದರಿಗೆ ನಾನು ಹೇಳಿದ್ದು: ಪಾಪ ಅಲ್ಲಮ್ಮಾ. ಚಿಕ್ಲಗಿನ ಜನ ಮನಸ್ಸು ಕಹಿಯಾಗಿ ದಾವೀದನಿಗೇ ಕಲ್ಲು ಹೊಡೀಬೇಕು ಅಂದಿದ್ರು. ಅವನೂ ಆಗ ಅತ್ತು ಸೋತವನೇ. ಹಾಗೇ ದೇವರ ಹತ್ತಿರ ಹೋಗಿ ಬಲ ಹೊಂದಿದ. ನಿಮ್ಮ ಕೋಪಾನೂ ಅಲ್ಲಿಗೇ ತಗೊಂಡು ಹೋಗಿ. ಗಂಡನಿಗೂ ಹೇಳಿ, ನೆಟ್‌ವರ್ಕ್ ಸಿಕ್ಕಿದಾಗ "ಎಲ್ಲಾ ಚೆನ್ನಾಗಿದೆ" ಅಂತ ಮಾತ್ರ ಹೇಳಬೇಡಿ.

ಯೌವನಸ್ಥರೇ, ನಿಮ್ಮಲ್ಲಿ ಬೈಕ್ ಇರೋರು ಎಷ್ಟು ಜನ? ಕೈ ಎತ್ತಿ. ಆ ಮಗುಗೆ ಮುಂದಿನ ಸಲ ಜ್ವರ ಬಂದಾಗ ಫೋನ್ ನಿಮಗೆ ಬರಬೇಕು. ಆರಾಧನೆ ಮುಗಿದ ಮೇಲೆ ನಂಬರ್ ಕೊಟ್ಟು ಹೋಗಿ.

ಇವತ್ತು ಇಲ್ಲಿ ಯಾರ ಮನೆಯವರಾದರೂ ಗಡಿಯಲ್ಲಿದ್ದರೆ, ದಯವಿಟ್ಟು ಎದ್ದು ನಿಲ್ಲಿ. ಪಕ್ಕದಲ್ಲಿರೋರು ಅವರ ಜೊತೆ ನಿಲ್ಲಿ. ಕಣ್ಣು ಮುಚ್ಚೋಣ.