ಯಾರನ್ನು ಕೇಳಿ ತಂದಿರಿ?

ಒಂದು ವಸ್ತುವಿಗೆ ಕಣ್ಣಿಗೆ ಕಾಣುವ ಒಡೆಯ ಇಲ್ಲದಿದ್ದರೆ ಅದನ್ನು ಎತ್ತಿಕೊಳ್ಳುವುದು ತಪ್ಪೇ? ಜಯಲಕ್ಷ್ಮಿಪುರಂನ ನಮ್ಮ ಬೀದಿಯ ಎರಡು ಮನೆಗಳಲ್ಲಿ ಈ ಪ್ರಶ್ನೆ ಮೂರು ವಾರಗಳಿಂದ ಸುತ್ತಾಡುತ್ತಿದೆ. ಕಾರಣ, ಮುಷ್ಟಿ ಗಾತ್ರದ ಒಂದು ತುಂಡು. ನೋಡಲು ಕಲ್ಲಿನಂತಿದೆ, ಮೈತುಂಬ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳಿವೆ.

ನಡೆದದ್ದು ಇಷ್ಟು. ಎದುರುಬದುರಿನ ಎರಡು ಮನೆಯವರು ಸೇರಿ ಒಂಬತ್ತು ಮಂದಿ ಮುರ್ಡೇಶ್ವರಕ್ಕೆ ಹೋಗಿದ್ದೆವು. ಮುಖ್ಯ ಆಸೆ ಇದ್ದದ್ದು ನೇತ್ರಾಣಿ ದ್ವೀಪದ ಮೇಲೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಲ್ಲಿ ಆ ಕಡಲಿನ ಒಳಗನ್ನು ನೋಡಿದಂದಿನಿಂದ ನಮ್ಮ ಮಕ್ಕಳು ಒಂದೇ ಹಟ ಹಿಡಿದಿದ್ದರು. ಮಕ್ಕಳ ಹಟ ಎಂದು ಹೇಳುವುದು ಅರ್ಧ ಸತ್ಯ. ನಮಗೂ ಆಸೆ ಇತ್ತು. ಕೆರಿಬಿಯನ್ ದ್ವೀಪಗಳಲ್ಲಿ ಬಿಳಿಯ ದೊಡ್ಡ ಕೆಟಮರಾನ್ ಹತ್ತಿ, ಹವಳದ ದಿಬ್ಬಗಳ ಮೇಲೆ ತೇಲುತ್ತ ದಿನ ಕಳೆಯುವವರ ಚಿತ್ರಗಳನ್ನು ನಾವೂ ನೋಡಿದ್ದೆವು. ಆ ಹಡಗಿನ ಹೆಸರು ಹುಟ್ಟಿದ್ದು ನಮ್ಮ ಕಡೆಯ ಮಾತಿನಲ್ಲೇ ಎಂದು ತಿಳಿದಾಗ ಒಂದಿಷ್ಟು ಹೆಮ್ಮೆಯೂ ಆಗಿತ್ತು. ತಮಿಳಿನ 'ಕಟ್ಟುಮರಂ' ಅದು; ಕನ್ನಡದ ಕಿವಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೋರಮಂಡಲ ತೀರದ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಹೊಟ್ಟೆಪಾಡಿಗಾಗಿ ಕಡಲಿಗಿಳಿಯುತ್ತಿದ್ದರು. ಅವರ ತೆಪ್ಪದ ಹೆಸರು 17ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಹೋಯಿತು. ಮುಂದೆ ಅದು ಎರಡು ಒಡಲಿನ ಬೇರೆಯೇ ಬಗೆಯ ಹಡಗಿಗೆ ಅಂಟಿಕೊಂಡು, ಇಂದು ವಿಹಾರದ ಇನ್ನೊಂದು ಹೆಸರಾಗಿದೆ. ದುಡಿಮೆಯ ಮಾತೊಂದು ಮೋಜಿನ ಮಾತಾಗಿ ಬದಲಾದ ಕತೆ ಇದು. ನಮ್ಮ ಕತೆಯೂ ಅದರ ಪಕ್ಕದ್ದೇ.

ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ನಮ್ಮಲ್ಲಿ ಮೂವರಿಗೆ ತಲೆ ಸುತ್ತಿ ವಾಂತಿಯಾಯಿತು. ದ್ವೀಪದ ಬಂಡೆಗಳ ನೆರಳಿನಲ್ಲಿ ಲಂಗರು ಹಾಕಿದ ಮೇಲೆ ಬೋಟಿನ ಹುಡುಗರು ಎರಡು ನಿಯಮ ಹೇಳಿದರು. ಒಂದು, ನೀರಿನಲ್ಲಿ ತೇಲುವವರು ಯಾವ ಕಾರಣಕ್ಕೂ ಲೈಫ್ ಜಾಕೆಟ್ ಬಿಚ್ಚಬಾರದು. ಎರಡು, ಕೆಳಗೆ ಏನನ್ನೂ ಮುಟ್ಟಬಾರದು, ಏನನ್ನೂ ತರಬಾರದು. ಎಲ್ಲರೂ ತಲೆಯಾಡಿಸಿದೆವು.

ಮುಖಕ್ಕೆ ಮಾಸ್ಕ್ ಬಿಗಿದು, ಬಾಯಿಗೆ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ಮಲಗಿದಾಗ ಕಿವಿಗೆ ಕೇಳುವುದು ನಮ್ಮದೇ ಉಸಿರು. ಮೊದಲ ಎರಡು ನಿಮಿಷ ಬರೀ ಭಯ. ಆಮೇಲೆ ಭಯ ಮರೆತುಹೋಯಿತು. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಕೈಯಳತೆಯಲ್ಲೇ ಹಾದುಹೋದವು. ಗಿಳಿಮೀನು ಬಂಡೆಯನ್ನು ಕೆರೆಯುತ್ತಿತ್ತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ಹಕ್ಕಿ ನೋಡುವುದು ನಮಗೆ ರೂಢಿ. ಅಲ್ಲಿ ನಾವು ಒಂದು ಹೆಜ್ಜೆ ಹತ್ತಿರ ಹೋದರೆ ಹಕ್ಕಿ ಎರಡು ಹೆಜ್ಜೆ ದೂರ ಸರಿಯುತ್ತದೆ. ಇಲ್ಲಿ ಯಾರೂ ನಮ್ಮನ್ನು ಕಂಡು ಓಡಲಿಲ್ಲ. ನಮ್ಮ ಪರಿಚಯ ಅವಕ್ಕೆ ಇನ್ನೂ ಆಗಿಲ್ಲವಲ್ಲ ಎಂದು ಮನಸ್ಸಿಗೆ ಬಂದದ್ದು ಮಾತ್ರ ಆಮೇಲೆ.

ನಮ್ಮ ಗುಂಪಿನ ಹದಿನಾರರ ಹುಡುಗ, ಪಿಯುಸಿ ಓದುವವನು, ತರಬೇತುದಾರನ ಜೊತೆ ಸಿಲಿಂಡರ್ ಕಟ್ಟಿಕೊಂಡು ಇನ್ನೂ ಆಳಕ್ಕೆ ಇಳಿದಿದ್ದ. ಮೇಲೆ ಬಂದವನು ಏನನ್ನೋ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ. ನಮ್ಮಲ್ಲಿ ದೊಡ್ಡವರೊಬ್ಬರು ಅದನ್ನು ನೋಡಿದ್ದೆವು. ನೋಡಿ ನಕ್ಕೆವು. ಈ ಬರಹದಲ್ಲಿ ತಪ್ಪು ಹುಡುಗನದು ಎಂದು ಯಾರಾದರೂ ಭಾವಿಸುವ ಮೊದಲೇ ಈ ಮಾತನ್ನು ಹೇಳಿಬಿಡಬೇಕು.

ಮೈಸೂರಿಗೆ ಬಂದ ಮೇಲೆ ತುಂಡು ಶೋಕೇಸ್ ಸೇರಿತು. ಪ್ರವಾಸಕ್ಕೆ ಬಾರದೆ ಮನೆಯಲ್ಲೇ ಉಳಿದಿದ್ದ ಎದುರು ಮನೆಯ ಅಜ್ಜಿ ಒಂದು ಸಂಜೆ ಬಂದು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ ಕೇಳಿದರು:

"ಯಾರನ್ನ ಕೇಳಿ ತಂದ್ರಿ?"

"ಅಲ್ಲಿ ಯಾರೂ ಇರ್ಲಿಲ್ಲ ಅಜ್ಜಿ" ಎಂದ ಹುಡುಗ.

"ಯಾರೂ ಇಲ್ದೇ ಇದ್ರೆ ನಮ್ದಾಗ್ಬಿಡುತ್ತಾ?"

ನಗುತ್ತಲೇ ಕೇಳಿದ್ದರು. ಆದರೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಎರಡೂ ಮನೆಗಳಲ್ಲಿ ವಾದ ಶುರುವಾಯಿತು. ನಮ್ಮ ಪರವಾಗಿ ನಾವೇ ಹೂಡಿದ ವಾದಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇವೆ.

ಮೊದಲನೆಯದು, ಅದು ಸತ್ತ ಕಲ್ಲು ಎಂಬ ವಾದ. ಹವಳ ಕಲ್ಲಲ್ಲ, ಪ್ರಾಣಿ. ಪಾಲಿಪ್ ಎಂಬ ಮೆತ್ತನೆಯ ಸಣ್ಣ ಜೀವಿಗಳು ಕಡಲಿನ ನೀರಿನಿಂದ ಸುಣ್ಣ ಪಡೆದು ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಪಾಚಿಯ ಜಾತಿಯ ಸೂಕ್ಷ್ಮ ಜೀವಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯ ಬಾಡಿಗೆಯಂತೆ ಹವಳಕ್ಕೂ ಪಾಲು ಕೊಡುತ್ತವೆ. 11ನೆಯ ಶತಮಾನದ ಅಲ್ ಬಿರೂನಿ ಹವಳವನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದರೆಂದು ವಿಜ್ಞಾನದ ಇತಿಹಾಸಕಾರರು ಬರೆಯುತ್ತಾರೆ. ಅವರು ಕೊಟ್ಟ ಕಾರಣ, ಹವಳ ಮುಟ್ಟಿದರೆ ಪ್ರತಿಕ್ರಿಯಿಸುತ್ತದೆ ಎಂಬುದು. ಯೂರೋಪು ಇದನ್ನು ಒಪ್ಪಿದ್ದು 18ನೆಯ ಶತಮಾನದಲ್ಲಿ. ನಮ್ಮ ಶೋಕೇಸಿನ ತುಂಡಿನಂಥ ಗುಂಡು ಜಾತಿಯ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತವೆ. ಅಂದರೆ ಹುಡುಗ ಒಂದು ಕ್ಷಣದಲ್ಲಿ ಎತ್ತಿಕೊಂಡದ್ದು ಅವನ ಅರ್ಧ ಆಯುಸ್ಸಿನಷ್ಟು ಕಾಲದ ದುಡಿಮೆ.

ಅದರೊಳಗಿನ ಜೀವ ಮೊದಲೇ ಹೋಗಿತ್ತು ಎಂದೇ ಇಟ್ಟುಕೊಳ್ಳೋಣ. ಹವಳದ ಮರಿಗಳು ಅಂಟಿಕೊಂಡು ಬೆಳೆಯುವುದು ಗಟ್ಟಿ ನೆಲದ ಮೇಲೆ. ಹಿಂದಿನ ಹವಳಗಳ ಅಸ್ಥಿಯೇ ಬಹಳ ಕಡೆ ಆ ನೆಲ. ಸತ್ತ ಹವಳದ ಸಂದಿಗಳಲ್ಲಿ ಸಣ್ಣ ಏಡಿ, ಮೀನಿನ ಮರಿ ಮನೆ ಮಾಡುತ್ತವೆ. ನಮಗೆ ಸತ್ತದ್ದೆಂದು ಕಂಡದ್ದು ಇನ್ನೊಬ್ಬರಿಗೆ ತಳಪಾಯ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ತೊಟ್ಟವರ ಸುದ್ದಿ ರಾಜ್ಯದ ತುಂಬ ಹರಡಿದಾಗ "ಬುದ್ಧಿ ಬೇಡವೇ ಇವರಿಗೆ" ಎಂದು ತೀರ್ಪು ಕೊಟ್ಟವರಲ್ಲಿ ನಾವೂ ಇದ್ದೆವು.

ಎರಡನೆಯದು, ಒಂದು ತುಂಡಿನಿಂದ ಏನಾಗುತ್ತದೆ ಎಂಬ ವಾದ. ಇದೇ ನೇತ್ರಾಣಿಯನ್ನು ನೌಕಾಪಡೆ ವರ್ಷಗಟ್ಟಲೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದೆ. ಕಡಲು ಬಿಸಿಯಾಗಿ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುವುದು 1998ರಲ್ಲಿ ಜಗತ್ತಿನಾದ್ಯಂತ ನಡೆಯಿತು. ಲಕ್ಷದ್ವೀಪಕ್ಕೂ ಅದರ ಪೆಟ್ಟು ಬಿತ್ತು. ಅಂಥದೇ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಸಾರಿದರು. ಇಷ್ಟೆಲ್ಲದರ ಮುಂದೆ ಹುಡುಗನ ಮುಷ್ಟಿ ಎಷ್ಟರದು?

ಈ ವಾದ ಬಲವಾಗಿ ಕಾಣುತ್ತದೆ. ಆದರೆ ಇದನ್ನು ಒಪ್ಪಿದರೆ ಲೋಕದಲ್ಲಿ ಯಾವ ಸಣ್ಣ ತಪ್ಪೂ ತಪ್ಪಾಗಿ ಉಳಿಯುವುದಿಲ್ಲ. ದೊಡ್ಡ ಕಳ್ಳ ಇದ್ದಾನೆ ಎಂಬುದು ಸಣ್ಣ ಕಳ್ಳನಿಗೆ ಕೊಟ್ಟ ಪರವಾನಗಿಯಲ್ಲ. ನಿಜ ಹೇಳಬೇಕೆಂದರೆ ಇದು ತಿರುವುಮುರುವಾಗಬೇಕಾದ ವಾದ. ಮನೆಗೆ ಬೆಂಕಿ ಬಿದ್ದಿದೆ ಎಂದು ತಿಳಿದವರು ಅಲ್ಲಿಂದ ಪಾತ್ರೆ ಎತ್ತಿಕೊಂಡು ಬರುವುದಿಲ್ಲ. ಹವಳಕ್ಕೆ ಬಂದಿರುವ ಕಷ್ಟ ನಮಗೆ ಗೊತ್ತಿತ್ತು ಎಂಬುದು ನಮ್ಮ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಅಲ್ಲದೆ ನಾವು ಒಬ್ಬರೇ ಹೋದವರಲ್ಲ. ಅದೇ ಬೆಳಗ್ಗೆ ಅಲ್ಲಿ ಬೇರೆ ಬೋಟುಗಳೂ ನಿಂತಿದ್ದವು. ಹನಿ ಹನಿ ಕೂಡಿ ಹಳ್ಳವಾಗುವುದು ಕಟ್ಟುವುದಕ್ಕೆ ಮಾತ್ರವಲ್ಲ, ಕರಗಿಸುವುದಕ್ಕೂ ನಿಜ.

ಮೂರನೆಯದು, ದುಡ್ಡು ಕೊಟ್ಟಿದ್ದೇವಲ್ಲ ಎಂಬ ವಾದ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಎಲ್ಲರ ಮನಸ್ಸಿನ ತಳದಲ್ಲಿ ಇದ್ದದ್ದು ಇದೇ ಎಂದು ನಮಗನ್ನಿಸುತ್ತದೆ. ನಾವು ದುಡ್ಡು ಕೊಟ್ಟದ್ದು ಯಾವುದಕ್ಕೆ? ಬೋಟಿನ ಸೀಟಿಗೆ, ಮಾಸ್ಕಿಗೆ, ತರಬೇತುದಾರನ ಸಮಯಕ್ಕೆ. ಹವಳವನ್ನು ನಮಗೆ ಯಾರೂ ಮಾರಿರಲಿಲ್ಲ. ಸಿನಿಮಾ ಟಿಕೆಟ್ ಕೊಂಡವನು ಥಿಯೇಟರಿನ ಪರದೆ ಹರಿದು ತರುವುದುಂಟೇ?

ಲೈಫ್ ಜಾಕೆಟಿನ ನಿಯಮವನ್ನು ನಮ್ಮಲ್ಲಿ ಒಬ್ಬರೂ ಮುರಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡದ್ದು ಎಲ್ಲರಿಗೂ ನೆನಪಿತ್ತು. ತಾಯಂದಿರು ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿದರು. ಎರಡನೆಯ ನಿಯಮವನ್ನು ಮಾತ್ರ ಸಲಹೆ ಎಂದುಕೊಂಡೆವು. ಎರಡನ್ನೂ ಹೇಳಿದ್ದು ಒಬ್ಬನೇ ಹುಡುಗ, ಒಂದೇ ಉಸಿರಿನಲ್ಲಿ. ಇದ್ದ ವ್ಯತ್ಯಾಸ ಒಂದೇ: ಮೊದಲನೆಯದು ನಮ್ಮನ್ನು ಉಳಿಸುವ ನಿಯಮ, ಎರಡನೆಯದು ಬೇರೆಯವರನ್ನು ಉಳಿಸುವ ನಿಯಮ. ಮನುಷ್ಯ ಒಳ್ಳೆಯವನೋ ಅಲ್ಲವೋ ಎಂಬುದು ಮೊದಲ ಬಗೆಯ ನಿಯಮದಲ್ಲಿ ತಿಳಿಯುವುದಿಲ್ಲ. ಅದನ್ನು ಪಾಲಿಸಲು ಪ್ರಾಣಭಯ ಸಾಕು. ಎರಡನೆಯದಕ್ಕೆ ಬೇರೇನೋ ಬೇಕು.

ವಾದ ಬಿಸಿಯೇರಿದ್ದಾಗ ಹುಡುಗನ ತಂದೆ ಅಜ್ಜಿಗೆ ಒಂದು ಮಾತು ಹೇಳಿದರು. "ಕತ್ತಲ್ಲಿ ಹವಳದ ಸರ ಹಾಕ್ಕೊಂಡೇ ನಮ್ಮನ್ನ ಕೇಳ್ತಿದ್ದೀರಲ್ಲಮ್ಮ!" ಕೋಣೆಯಲ್ಲಿ ಎಲ್ಲರೂ ಸುಮ್ಮನಾದೆವು. ಒಡವೆಯ ಕೆಂಪು ಹವಳದ ಜಾತಿ ಬೇರೆ. ಹೆಸರಾದದ್ದು ಮೆಡಿಟರೇನಿಯನ್ ಕಡಲಿನದು. ಹಾಗೆಂದು ಹೇಳಿ ಅಜ್ಜಿಯನ್ನು ಪಾರುಮಾಡಲು ನಾವು ಹೊರಟೆವು. ಅವರಿಗೆ ಅದು ಬೇಕಿರಲಿಲ್ಲ. ಸರವನ್ನು ಮುಟ್ಟಿ ನೋಡಿಕೊಂಡು, "ಹೌದಪ್ಪ. ದುಡ್ಡು ಕೊಟ್ಟೇ ತಂದದ್ದು. ಆದ್ರೆ ಮಾರಿದವನು ಯಾರನ್ನ ಕೇಳಿ ತಂದ ಅಂತ ನಾನೂ ಕೇಳ್ಲಿಲ್ಲ" ಎಂದರು. ಆ ಪ್ರಶ್ನೆಯನ್ನು ತಮ್ಮ ಮೇಲೂ ಹಾಕಿಕೊಂಡದ್ದರಿಂದಲೇ ಅವರ ಮಾತು ನಮಗೆ ಇನ್ನಷ್ಟು ನಾಟಿತು. ಸ್ವತಃ ಶುದ್ಧರಾದವರು ಮಾತ್ರ ಪ್ರಶ್ನೆ ಕೇಳಬೇಕು ಎಂದಾದರೆ ಜಗತ್ತಿನಲ್ಲಿ ಪ್ರಶ್ನೆಯೇ ಇರುವುದಿಲ್ಲ.

ಹಾಗಾದರೆ ಕೇಳುವುದಾದರೂ ಯಾರನ್ನು? ಹವಳಕ್ಕೆ ಬಾಯಿಲ್ಲ. ಇಲ್ಲಿ ಅನಾಥ ಮಗುವಿನ ಆಸ್ತಿಯ ಉದಾಹರಣೆ ನೆನಪಾಗುತ್ತದೆ. ತನ್ನ ಹಕ್ಕು ಕೇಳಲಾಗದ ಮಗುವಿನ ಆಸ್ತಿಯನ್ನು ಮುಟ್ಟುವುದು ಬಾಯಿರುವವನ ಆಸ್ತಿಯನ್ನು ಮುಟ್ಟುವುದಕ್ಕಿಂತ ದೊಡ್ಡ ತಪ್ಪೆಂದು ಎಲ್ಲ ಸಮಾಜಗಳೂ ತಿಳಿದಿವೆ. ಬೇಡ ಎನ್ನಲಾರದವರ ಮೌನವನ್ನು ಒಪ್ಪಿಗೆ ಎಂದುಕೊಳ್ಳಬಾರದು. ನಮ್ಮ ಪಕ್ಕದ ಗೋಕುಲಂಗೆ ಯೋಗ ಕಲಿಯಲು ದೇಶವಿದೇಶಗಳಿಂದ ಜನ ಬರುತ್ತಾರೆ. ಅವರಲ್ಲಿ ನಮ್ಮ ಬಾಗಿಲ ರಂಗೋಲಿಯನ್ನೋ ಮಕ್ಕಳನ್ನೋ ಕಂಡು, ಕೇಳಿ ಫೋಟೊ ತೆಗೆದವರಿದ್ದಾರೆ, ಕೇಳದೆ ತೆಗೆದವರೂ ಇದ್ದಾರೆ. ಕ್ಯಾಮೆರಾ ಒಂದೇ ಆದರೂ ನಮಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ನೋಡಿಸಿಕೊಳ್ಳುವವರ ಜಾಗದಲ್ಲಿ ನಿಂತವರಿಗೆ ಅದು ತಿಳಿಯದೆ ಇರುವುದಿಲ್ಲ.

ಕಡಲು ಒಡೆಯರಿಲ್ಲದ ಜಾಗ ಎಂಬುದೂ ದಡದಲ್ಲಿ ನಿಂತವರ ಮಾತು. ಕಡಲನ್ನೇ ನಂಬಿದವರಿಗೂ ಅಲ್ಲಿ ಗೆರೆ ಇದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಲ್ಲುತ್ತದೆ. ಮೀನು ಮರಿ ಮಾಡುವ ಕಾಲ ಅದು. ಆ ಎರಡು ತಿಂಗಳ ಕೂಲಿ ಕಳೆದುಕೊಳ್ಳುವವರು ಮೊಗೇರರು, ಖಾರ್ವಿಗಳು, ದೂರದಿಂದ ಬಂದ ಬೋಟಿನ ಆಳುಗಳು. ಹೊಟ್ಟೆಪಾಡಿಗೆ ಕಡಲಿಗಿಳಿಯುವವರು 61 ದಿನ ಕೈ ಕಟ್ಟಿ ಕೂರಬಲ್ಲರು. ಮೋಜಿಗೆ ಇಳಿದ ನಮಗೆ ಅರ್ಧ ಗಂಟೆ ಕೈ ಹಿಡಿತದಲ್ಲಿ ಇರಲಿಲ್ಲ.

ಹಾಗೆಂದು ಕಡಲು ನೋಡಲು ಹೋಗಲೇಬಾರದೇ? ಹಾಗೆ ಹೇಳಲು ನಮಗೆ ಮನಸ್ಸಿಲ್ಲ. ನೋಡದವರಿಗೆ ಹವಳ ಎಂದರೆ ಉಂಗುರದ ಕಲ್ಲು ಅಷ್ಟೇ. ಕೆರಿಬಿಯನ್ ಕಡಲಿನ ಬೊನೇರ್ ಎಂಬ ಪುಟ್ಟ ದ್ವೀಪ ಇದಕ್ಕೆ ಒಂದು ದಾರಿ ತೋರಿಸಿದೆ. ಅಲ್ಲಿಯೂ ಜನ ಬರುವುದು ಹವಳ ನೋಡಲೆಂದೇ. ಆದರೆ 1975ರಲ್ಲೇ ಅಲ್ಲಿ ಹವಳ ತೆಗೆಯುವುದನ್ನು ನಿಷೇಧಿಸಿದರು, ಜೀವಂತದ್ದಾಗಲಿ ಸತ್ತದ್ದಾಗಲಿ. 1979ರಲ್ಲಿ ದ್ವೀಪದ ಸುತ್ತಲ ಕಡಲನ್ನೇ ಉದ್ಯಾನವೆಂದು ಸಾರಿದರು. ಅಲ್ಲಿ ಮುಳುಗುವವರು ಕೈಗವಸು ಹಾಕುವಂತಿಲ್ಲ. ಕೈಗೆ ರಕ್ಷಣೆ ಇದ್ದವನು ಮುಟ್ಟುತ್ತಾನೆ, ಬರಿಗೈಯವನು ಹಿಂಜರಿಯುತ್ತಾನೆ ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮ ದುಡ್ಡು, ನಮ್ಮ ರಜೆ, ನಮ್ಮ ಸಾಲುಸಾಲು ನೆಪಗಳು, ಇವೆಲ್ಲ ಒಂದು ಬಗೆಯ ಕೈಗವಸುಗಳೇ. ಅವನ್ನು ತೊಟ್ಟಾಗ ಮುಟ್ಟಿದ್ದರ ಅರಿವು ನಮಗೆ ಆಗುವುದಿಲ್ಲ.

ಈಗ ಆ ತುಂಡನ್ನು ಏನು ಮಾಡುವುದು? ಒಬ್ಬರು ರಾತ್ರಿ ಕಸದ ಗಾಡಿಗೆ ಹಾಕಿಬಿಡೋಣ ಎಂದರು. ಅದು ಎರಡನೆಯ ತಪ್ಪು. ಇನ್ನೊಬ್ಬರು ಮುಂದಿನ ವರ್ಷ ಹೋದಾಗ ಕಡಲಿಗೆ ಬಿಟ್ಟು ಬರೋಣ ಎಂದರು. ಒಳ್ಳೆಯ ಮಾತೇ, ಆದರೆ ಯಾರಿಗೂ ತಿಳಿಯದಂತೆ ಮುಗಿಯುತ್ತದೆ ಎಂಬುದೇ ಅದರ ಆಕರ್ಷಣೆ ಎಂದು ನಮಗೇ ಅನುಮಾನ ಬಂತು. ಅರಣ್ಯ ಇಲಾಖೆಗೆ ಒಪ್ಪಿಸುವ ಮಾತು ಬಂದಾಗ ಹುಡುಗನ ತಾಯಿ ಹೆದರಿದರು. ಕೇಸಾದರೆ? ಓದುವ ಹುಡುಗನ ಮುಂದಿನ ಗತಿ? ಆ ಭಯ ಸುಳ್ಳಲ್ಲ. ಪಶ್ಚಾತ್ತಾಪಕ್ಕೆ ಬೆಲೆ ತೆರಬೇಕಾಗಿ ಬಂದಾಗಲೇ ಅದು ಪಶ್ಚಾತ್ತಾಪವೋ ಬರೀ ಬೇಸರವೋ ಎಂಬುದು ತಿಳಿಯುತ್ತದೆ.

ಕೊನೆಗೆ ದಾರಿ ತೋರಿಸಿದವನು ಹುಡುಗನೇ. ಪತ್ರವನ್ನು ತನ್ನ ಕೈಯಾರೆ ಬರೆದ: ಎಲ್ಲಿಂದ ತಂದೆ, ಹೇಗೆ ತಂದೆ, ತರಬಾರದೆಂದು ಮೊದಲೇ ಹೇಳಿದ್ದರು ಎಂಬುದನ್ನೂ ಬಿಡದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಬೇಕೆಂದು ನಾವು ಹೇಳಿದೆವು: ದೊಡ್ಡವರು ನೋಡಿಯೂ ತಡೆಯಲಿಲ್ಲ. ನೋಡಿದವರು ಅದರ ಕೆಳಗೆ ಸಹಿ ಹಾಕಿದ್ದೇವೆ. ಬರುವ ಸೋಮವಾರ ಎರಡು ಮನೆಯವರೂ ಒಟ್ಟಿಗೆ ಹೋಗಿ ತುಂಡನ್ನೂ ಪತ್ರವನ್ನೂ ಇಲಾಖೆಯ ಕಚೇರಿಗೆ ಕೊಡಲಿದ್ದೇವೆ. ಅಜ್ಜಿಯೂ ಬರುತ್ತಾರಂತೆ.