ತಾಯಿಯ ಮುಖ, ತಾಯಿಯ ವಯಸ್ಸು

ಪರರು ನಮ್ಮನ್ನು ತಪ್ಪಾಗಿ ತಿಳಿದು ಹೊಗಳಿದಾಗ, ಆ ತಪ್ಪನ್ನು ತಿದ್ದದೆ ಸುಮ್ಮನಿರುವುದು ಅಸತ್ಯವೆನಿಸುತ್ತದೆಯೇ? ನಾವು ಸುಳ್ಳು ಹೇಳಿಲ್ಲ. ಒಂದು ಮುಗುಳ್ನಗೆಯನ್ನಷ್ಟೇ ಉತ್ತರವಾಗಿ ಕೊಟ್ಟಿದ್ದೇವೆ. ಲೋಕವ್ಯವಹಾರದಲ್ಲಿ ಇದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ಆದರೆ ಅಣುವ್ರತಗಳನ್ನು ಕೈಕೊಂಡ ಶ್ರಾವಕ-ಶ್ರಾವಿಕೆಯರು ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ದಾಟಿಹೋಗಲಾಗದು. ನನಗೆ ಈ ಪ್ರಶ್ನೆ ಯಾವ ಗ್ರಂಥದಿಂದಲೂ ಬಂದುದಲ್ಲ. ನನ್ನ ಮಗಳ ಬಾಯಿಂದ ಬಂದುದು.

ನನಗೀಗ 47 ವರ್ಷ, ಮಗಳಿಗೆ 24. ನೋಡಿದವರು ನನಗೆ ಮೂವತ್ತಕ್ಕಿಂತ ಹೆಚ್ಚು ಹೇಳುವುದಿಲ್ಲ. ಇದಕ್ಕಾಗಿ ನಾನು ಯಾವ ಪ್ರಯತ್ನವನ್ನೂ ಮಾಡಿದವಳಲ್ಲ; ನನ್ನ ತಾಯಿಯ ಮೈಕಟ್ಟೂ ಹೀಗೆಯೇ ಇತ್ತು. ಎರಡು ವರ್ಷಗಳ ಹಿಂದೆ ಹೊಸದುರ್ಗದಲ್ಲಿ ಬಂಧುಗಳೊಬ್ಬರ ಮನೆಯ ಮದುವೆಗೆ ತಾಯಿ-ಮಗಳಿಬ್ಬರೂ ಹೋಗಿದ್ದೆವು. ಮಗಳಿಗೆ ವರನನ್ನು ಹುಡುಕಲು ಆರಂಭಿಸಿದ್ದ ಕಾಲವದು. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ನಮ್ಮಿಬ್ಬರನ್ನೂ ನೋಡಿ, "ನೀವು ಅಕ್ಕತಂಗಿಯರೇನಮ್ಮ? ನಿಮ್ಮ ತಾಯಿ ಬಂದಿಲ್ಲವೇ?" ಎಂದು ಕೇಳಿದರು. ನಾನು ನಕ್ಕೆ. ಅಷ್ಟರಲ್ಲಿ ಹೋಳಿಗೆ ಬಂತು. ಮಾತು ಬೇರೆ ಕಡೆಗೆ ತಿರುಗಿತು. ಆ ಹಿರಿಯರು ಅದೇ ತಿಳುವಳಿಕೆಯಲ್ಲಿ ಎದ್ದು ಹೋದರು.

ಚಿತ್ರದುರ್ಗಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಹೊಳಲ್ಕೆರೆ ಬರುವವರೆಗೂ ಮಗಳು ಮಾತನಾಡಲಿಲ್ಲ. ಅಡಿಕೆ ತೋಟಗಳನ್ನು ನೋಡುತ್ತಾ ಕುಳಿತಿದ್ದವಳು ಕೊನೆಗೆ ಕೇಳಿದಳು: "ಅಮ್ಮ, 'ಇವಳು ನನ್ನ ಮಗಳು' ಅಂತ ಹೇಳೋದಕ್ಕೆ ನಿನಗೆ ಏನಾಗಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ತುತ್ತು ನುಂಗುವಷ್ಟು ಕಾಲ ನಾನು ಅವಳ ತಾಯಿಯಲ್ಲದವಳಾಗಿದ್ದೆ. ಹಾಗಾಗಿರುವುದು ನನಗೆ ಹಿತವಾಗಿತ್ತು. ನನ್ನ ವಯಸ್ಸಿನಿಂದ ಕಳೆದ ವರ್ಷಗಳನ್ನು ಆ ಮಾತು ಅವಳ ಲೆಕ್ಕಕ್ಕೆ ಕೂಡಿಸಿತ್ತೆಂಬುದೂ ಆಗಲೇ ಹೊಳೆಯಿತು. ತಾಯಿ ತಂಗಿಯಂತೆ ಕಂಡರೆ ಮಗಳು ಅಕ್ಕನಂತೆ ಕಂಡಳೆಂದೇ ಅರ್ಥ. ನನಗೆ ಸಂದ ಹೊಗಳಿಕೆಯ ಬೆಲೆಯನ್ನು ತೆತ್ತವಳು ಅವಳು.

ಆ ರಾತ್ರಿ ಕರ್ಮಸಿದ್ಧಾಂತದ ಒಂದು ಸಾಮಾನ್ಯ ಪಾಠ ನೆನಪಿಗೆ ಬಂತು. ಎಂಟು ಮೂಲಕರ್ಮಗಳಲ್ಲಿ ಜೀವವು ಒಂದು ದೇಹದಲ್ಲಿ ಎಷ್ಟು ಕಾಲ ನಿಲ್ಲಬೇಕೆಂಬುದನ್ನು ನಿಶ್ಚಯಿಸುವುದು ಆಯುಕರ್ಮ. ಆ ದೇಹದ ಆಕಾರ, ವರ್ಣ, ಸ್ವರ, ನೋಡುವವರಿಗೆ ಪ್ರಿಯವೆನಿಸುವ ಗುಣ ಇವೆಲ್ಲವೂ ನಾಮಕರ್ಮದ ಫಲ. ಎರಡೂ ಬೇರೆ ಬೇರೆ ಕರ್ಮಗಳು. ಒಂದರ ಉದಯವನ್ನು ನೋಡಿ ಇನ್ನೊಂದನ್ನು ಅಳೆಯಲಾಗದು. ಮುಖದಲ್ಲಿ ಸುಕ್ಕು ಮೂಡಲಿಲ್ಲವೆಂದರೆ ಆಯುಷ್ಯ ಸವೆಯುತ್ತಿಲ್ಲವೆಂದು ಅರ್ಥವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಚಾರವಿದೆ. ಆಯು, ನಾಮ, ಗೋತ್ರ, ವೇದನೀಯ ಈ ನಾಲ್ಕೂ ಅಘಾತಿ ಕರ್ಮಗಳು. ಆತ್ಮನ ಸ್ವಭಾವಗುಣಗಳನ್ನು ಅವು ಘಾತಿಸುವುದಿಲ್ಲ. ಆದುದರಿಂದ ಎಳೆಯ ಮುಖವಿರುವುದು ದೋಷವೂ ಅಲ್ಲ, ಗುಣವೂ ಅಲ್ಲ. ಆದರೆ ಆ ಮುಖವನ್ನು ಕುರಿತು ಹುಟ್ಟುವ ಮಾನವೂ, ಅದನ್ನು ಕಾಪಾಡಿಕೊಳ್ಳಲು ನಡೆಸುವ ಮಾಯೆಯೂ ಮೋಹನೀಯ ಕರ್ಮದ ಕೆಲಸ; ಅದು ಘಾತಿ ಕರ್ಮ. ಮುಖ ಅಘಾತಿ, ಮದ ಘಾತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಎಂಟು ಮದಗಳಲ್ಲಿ ಶರೀರದ ಮದವೂ ಒಂದು. ದಶಲಕ್ಷಣ ಪರ್ವದ ಎರಡನೆಯ ದಿನ ಮಾರ್ದವವನ್ನೂ ಮೂರನೆಯ ದಿನ ಆರ್ಜವವನ್ನೂ ನಾವು ಪ್ರತಿವರ್ಷ ಪೂಜಿಸುತ್ತೇವೆ. ನನ್ನ ಆ ನಗೆಯಲ್ಲಿ ಮಾರ್ದವವೂ ಇರಲಿಲ್ಲ, ಆರ್ಜವವೂ ಇರಲಿಲ್ಲ.

941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿ ಬರುವ ನೀಲಾಂಜನೆಯ ಪ್ರಸಂಗ ಎಲ್ಲರಿಗೂ ತಿಳಿದಿದೆ. ವೃಷಭದೇವನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ಮುಗಿಯಿತು. ರಸಭಂಗವಾಗದಿರಲೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಂದು ರೂಪವನ್ನು ಆ ಕ್ಷಣದಲ್ಲೇ ನಿಲ್ಲಿಸಿದನು. ಸಭೆಗೆ ತಿಳಿಯಲಿಲ್ಲ, ನೃತ್ಯ ಮುಂದುವರಿಯಿತು. ಆದಿದೇವನೊಬ್ಬನೇ ಕಂಡನು, ಕಂಡು ವಿರಕ್ತನಾದನು. ಈ ಕಥೆಯನ್ನು ನಾನು ಬಾಲ್ಯದಿಂದಲೂ ಕೇಳಿದ್ದೇನೆ. ರೂಪ ಹಾಗೆಯೇ ಇದ್ದು ಆಯುಷ್ಯ ಕಳೆದುಹೋಗಬಲ್ಲದೆಂಬ ಅದರ ತಿರುಳು ನನ್ನನ್ನೇ ಕುರಿತದ್ದೆಂದು ತಿಳಿದದ್ದು ಮಾತ್ರ ಆ ರಾತ್ರಿ. ನಾನೂ ಸಭೆಯೊಳಗೆ ಕುಳಿತವಳೇ ಆಗಿದ್ದೆ.

ಹಾಗೆಂದು ತಪ್ಪೆಲ್ಲವೂ ತಾಯಿಯದೇ ಎನ್ನಲಾಗದು. ಎಳೆಯ ಮುಖದ ತಾಯಿ ಹೊಗಳಿಕೆಯನ್ನು ಕೇಳುವಂತೆ ಅನುಮಾನವನ್ನೂ ಕೇಳಬೇಕಾಗುತ್ತದೆ. "ಇವಳು ಎರಡನೆಯವಳೇ? ಮಗು ಹೆತ್ತಾಗ ಇವಳಿಗೆ ಎಷ್ಟು ವಯಸ್ಸು?" ಎಂಬ ಪಿಸುಮಾತುಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಮಗಳು ಐದು ವರ್ಷದವಳಿದ್ದಾಗ ಜ್ವರ ಏರಿ ಆಸ್ಪತ್ರೆಗೆ ಒಯ್ದಿದ್ದೆ. ಅಲ್ಲಿದ್ದವರು ನನ್ನನ್ನು ನೋಡಿ, "ದೊಡ್ಡವರು ಯಾರಾದರೂ ಇದ್ದರೆ ಕರೆಯಮ್ಮ" ಎಂದರು. ಮಗುವಿನ ಜ್ವರದ ವಿವರ ತಿಳಿದಿದ್ದವಳು ನಾನೊಬ್ಬಳೇ.

ನನ್ನ ತವರೂರಾದ ಹಿರಿಯೂರಿನವರಿಗೆ ಇಲ್ಲಿ ಒಂದು ಉದಾಹರಣೆ ಕಣ್ಣೆದುರಿಗೇ ಇದೆ. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಗನಿಗೆ ಹತ್ತು ವರ್ಷ. ಮಗನ ಪರವಾಗಿ 1902ರವರೆಗೆ ರಾಜ್ಯದ ಹೊಣೆ ಹೊತ್ತವರು ಆ ತಾಯಿಯೇ. ಅವರ ಆಡಳಿತಕಾಲದಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಆರಂಭವಾದ ಕಟ್ಟೆ 1907ರಲ್ಲಿ ಮುಗಿಯಿತು. ವಾಣಿವಿಲಾಸ ಸಾಗರವೆಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1933ರ ಬಳಿಕ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ನೋಡಲು ಹೋದ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ತಾಯ್ತನದ ತೂಕವನ್ನು ಮುಖದ ಸುಕ್ಕಿನಿಂದ ಅಳೆಯಬಾರದೆಂಬುದಕ್ಕೆ ಆ ನೀರಿಗಿಂತ ದೊಡ್ಡ ಸಾಕ್ಷಿ ಬೇಕೇ?

ಹೊಗಳುವವರು ಯೋಚಿಸಬೇಕಾದ ಮತ್ತೊಂದು ಸಂಗತಿಯೂ ಇದೆ. ನನ್ನ ಅಜ್ಜಿಯನ್ನೂ ಅಮ್ಮನನ್ನೂ ನೋಡಿ ಜನ ಅಕ್ಕತಂಗಿಯರೆನ್ನುತ್ತಿದ್ದರು. ಅಲ್ಲಿ ಇದ್ದದ್ದು ರೂಪದ ಭಾಗ್ಯವಲ್ಲ; ಅಜ್ಜಿ ಹದಿನಾರರಲ್ಲಿ ತಾಯಿಯಾಗಿದ್ದರು. 1929ರ ಕಾಯಿದೆ ಹುಡುಗಿಯ ಮದುವೆಗೆ ಹದಿನಾಲ್ಕನ್ನು ಗೊತ್ತುಮಾಡಿತ್ತು, 1949ರಲ್ಲಿ ಅದು ಹದಿನೈದಾಯಿತು, ಹದಿನೆಂಟಾದದ್ದು 1978ರಲ್ಲಿ. ತಾಯಿ-ಮಗಳು ಸಮವಯಸ್ಕರಂತೆ ಕಂಡಾಗ ನಾವಾಡುವ ಮೆಚ್ಚುಗೆಯ ಮಾತಿನ ಹಿಂದೆ ಒಬ್ಬ ಹುಡುಗಿ ಕಳೆದುಕೊಂಡ ಬಾಲ್ಯವೂ ಅಡಗಿರಬಹುದು.

ಇವೆಲ್ಲದರಿಂದ ನಾನು ಕಂಡುಕೊಂಡ ನಿಯಮ ಚಿಕ್ಕದು. ಹೊಗಳಿಕೆಯನ್ನು ಒರಟಾಗಿ ತಳ್ಳಬೇಕಿಲ್ಲ. ಆಡಿದವರ ಮನಸ್ಸನ್ನು ನೋಯಿಸುವುದೂ ಹಿಂಸೆಯೇ. ವಯಸ್ಸಾದವಳಂತೆ ಕಾಣಲು ವೇಷ ತೊಡಬೇಕಿಲ್ಲ. ಅದು ಮಾಯೆಯ ಇನ್ನೊಂದು ರೂಪ. ಆದರೆ ತಪ್ಪು ತಿಳುವಳಿಕೆಯಿಂದ ಬಂದ ಲಾಭವನ್ನು ಇಟ್ಟುಕೊಳ್ಳಬಾರದು. ಅಂಗಡಿಯವನು ಮರೆತು ಹೆಚ್ಚು ಚಿಲ್ಲರೆ ಕೊಟ್ಟರೆ ಹಿಂದಿರುಗಿಸುತ್ತೇವಲ್ಲವೇ? ಇದೂ ಹಾಗೆಯೇ. ಹಿಂದಿರುಗಿಸಲು ಒಂದು ವಾಕ್ಯ ಸಾಕು. ನಮ್ಮ ಬಸದಿಗಳ ಸಮಾರಂಭಗಳಲ್ಲಿ ಮಹಿಳೆಯರ ರೂಪ, ವಯಸ್ಸುಗಳನ್ನು ಕುರಿತು ಲೋಕಾಭಿರಾಮವಾಗಿ ಆಡುವ ಮಾತುಗಳನ್ನು ಹಿರಿಯರು ಕಡಿಮೆ ಮಾಡಿದರೆ, ಎಷ್ಟೋ ತಾಯಂದಿರು ಈ ಪರೀಕ್ಷೆಯಿಂದ ಪಾರಾದಾರು.

ಕಳೆದ ವರ್ಷ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಗೆ ಹೋಗಿದ್ದೆವು. ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯ ದರ್ಶನ ಮುಗಿಸಿ ಹೊರಗೆ ಕುಳಿತಿದ್ದಾಗ ಆ ಊರಿನ ಅಜ್ಜಿಯೊಬ್ಬರು ಬಂದು ಅದೇ ಪ್ರಶ್ನೆ ಕೇಳಿದರು. "ಇವಳು ನನ್ನ ಮಗಳು, ಅಜ್ಜಿ. ನನಗೆ ನಲವತ್ತಾರು" ಎಂದೆ. ಅಜ್ಜಿ ನಂಬದೆ ನನ್ನ ಮುಖವನ್ನೇ ನೋಡಿದರು. ಮಗಳು ನನ್ನ ಹತ್ತಿರಕ್ಕೆ ಸರಿದು ಕುಳಿತಳು.