ಕೇಳಿದರೆ ಓದಿದಂತಾಗುತ್ತದೆಯೇ?

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕತೆಯನ್ನು ನಾವೇ ಓದಿ ಹೇಳಿದರೆ ಅದು ನೆರವೋ, ಸೋಮಾರಿತನ ಕಲಿಸಿದಂತೋ? ಪುಣೆಯ ನಮ್ಮ ಮನೆಯಲ್ಲಿ ಇದು ಹಳೆಯ ಜಗಳ. ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ, ಮನೆಯಲ್ಲಿ ಕನ್ನಡ. ಪುಸ್ತಕ ತೆರೆದ ಕೂಡಲೇ ಅವಳಿಗೆ ನೀರಡಿಕೆ, ಹೊಟ್ಟೆನೋವು ಒಟ್ಟಿಗೇ ಶುರು. “ನೀ ಹಿಂಗ ಓದಿ ಹೇಳ್ಕೋತ ಕೂತ್ರ ಅಕಿ ಯಾವಾಗ ಓದಾಕಿ?” ಎಂದು ಅವ್ವ ಕೇಳುತ್ತಾಳೆ.

ಅವ್ವನ ಮಾತಿನಲ್ಲಿ ಹುರುಳಿದೆ. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅಕ್ಷರವನ್ನು ದನಿಗೆ ಹೊಂದಿಸುವ ಕೆಲಸ ನಮಗೆ ತಾನಾಗಿ ಆಗುತ್ತದೆ. ಆ ಮಗುವಿಗೆ ಅದು ಪದಪದಕ್ಕೂ ದುಡಿಮೆ. ಸರಿಯಾದ ಅಭ್ಯಾಸದಿಂದ ಅದು ಸುಧಾರಿಸುತ್ತದೆ. ಹಾಗಾಗಿ ಪೂರ್ತಿ ಬಿಟ್ಟುಬಿಡುವುದು ಕರುಣೆಯಲ್ಲ. ಔಷಧದ ಚೀಟಿ, ಬ್ಯಾಂಕಿನ ಕಾಗದ ಓದಲಾರದವರು ಇನ್ನೊಬ್ಬರ ದಯೆಯಲ್ಲಿ ಬದುಕಬೇಕಾಗುತ್ತದೆ.

ಆದರೆ ‘ಓದು’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಕೆಲಸ ಸೇರಿಸಿದ್ದೇವೆ: ಅಕ್ಷರ ಬಿಡಿಸುವುದು ಮತ್ತು ಅರ್ಥದೊಳಗೆ ಇಳಿಯುವುದು. ‘ಕಷ್ಟ’ ಎಂಬ ಪದದ ಒತ್ತಕ್ಷರದಲ್ಲಿ ಸಿಕ್ಕಿಕೊಳ್ಳುವ ನನ್ನ ಮಗಳು, ಕರ್ಣನ ಕಷ್ಟದ ಬಗ್ಗೆ ಅರ್ಧ ಗಂಟೆ ವಾದಿಸಬಲ್ಲಳು. ಮೊದಲನೆಯದರಲ್ಲಿ ಎಡವಿದ್ದಕ್ಕೆ ಎರಡನೆಯದರ ಬಾಗಿಲನ್ನೂ ಮುಚ್ಚುವುದು ಯಾವ ನ್ಯಾಯ? 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನರನ್ನು ಹೊಗಳುವುದೇ, ಓದದೆಯೂ ಕಾವ್ಯದಲ್ಲಿ ಪಳಗಿದವರೆಂದು. ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿ ಬೆಳೆದವರನ್ನು ಯಾರೂ ಸೋಮಾರಿಗಳೆನ್ನಲಿಲ್ಲ.

“ಪರೀಕ್ಷೆಯಲ್ಲಿ ಯಾರು ಓದಿ ಹೇಳ್ತಾರೆ?” ಎನ್ನುವವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ಈ ತೊಡಕೂ ಸೇರಿದೆ. ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಕೇಳುವುದು ಭಿಕ್ಷೆಯಲ್ಲ.

ಹಾಗಾಗಿ ನಮ್ಮಲ್ಲಿ ಎರಡೂ ಬೇರೆ ಬೇರೆ. ದಿನಕ್ಕೆ ಹತ್ತು ನಿಮಿಷ ಅಕ್ಷರದ ಅಭ್ಯಾಸ: ಪುಟ ಅವಳೇ ಆರಿಸಿದ್ದು, ಒಂದು ಸಾಲು ನಾನು ಓದಬೇಕು, ಅದೇ ಸಾಲನ್ನು ಅವಳು. ಗಡಿಯಾರ ಅವಳ ಕೈಯಲ್ಲಿ. ನೆಂಟರ ಮುಂದೆ ಓದಿಸುವಂತಿಲ್ಲ. ರಾತ್ರಿಯ ಕತೆ ಇದಕ್ಕೆ ಬಹುಮಾನವಲ್ಲ. ಅಭ್ಯಾಸ ತಪ್ಪಿದ ದಿನವೂ ಕತೆ ಉಂಟು.

ಒತ್ತಾಯ ಎಲ್ಲಿಯವರೆಗೆ? ಗಡುವು ಹಾಕಿ ಕೆಲಸ ತೆಗೆಯುವುದೇ ನನ್ನ ಉದ್ಯೋಗ, ಆದರೆ ಇಲ್ಲಿ ನನ್ನ ಅಳತೆ ಬೇರೆ. ನಾಳೆ ನಾನು ಪುಸ್ತಕ ಹಿಡಿದು ಬಂದಾಗ ಅವಳು ಪಕ್ಕದಲ್ಲಿ ಕೂರುತ್ತಾಳೋ, ಎದ್ದು ಹೋಗುತ್ತಾಳೋ? ಎದ್ದು ಹೋದರೆ, ಇಂದು ಕಲಿಸಿದ ನಾಲ್ಕು ಅಕ್ಷರಕ್ಕೆ ತೆತ್ತ ಬೆಲೆ ಹೆಚ್ಚಾಯಿತೆಂದೇ ಲೆಕ್ಕ.